ಅಂತರಜಾಲದ ಮೂಲಕ ಕಲಾಕೃತಿಗಳ ಮಾರಾಟ: ಕುರ್ಡಿ ಹಾಗೂ ಮಾನ್ವಿ, ದೇವದುರ್ಗ, ರಾಯಚೂರು ಭಾಗದ ಕಲಾವಿದರ ಮಾಹಿತಿಗಾಗಿ

ಮಾನ್ವಿ ತಾಲ್ಲೂಕಿನ ಕುರ್ಡಿ ಮತ್ತು ಸುತ್ತಲಿನ ಗ್ರಾಮಗಳು ಕೃಷ್ಣಾ ಹಾಗೂ ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿಗೆ ಸೇರಿವೆ. ಈ ಭಾಗದಲ್ಲಿ ನಾಮಫಲಕ ಬರೆಯುವವರು, ಗುಡಿಯ ಗೋಡೆಗೆ ಬಣ್ಣ ಹಾಕುವವರು, ಹಿರಿಯರ ಭಾವಚಿತ್ರ ಬಿಡಿಸುವವರು, ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು ಮಾಡುವ ಕುಂಬಾರರು, ಕೌದಿ ಹೊಲಿಯುವ ಮಹಿಳೆಯರು ಮತ್ತು ತಾಂಡಾಗಳಲ್ಲಿ ಕನ್ನಡಿ ಕಸೂತಿ ಮಾಡುವ ಲಂಬಾಣಿ ಮಹಿಳೆಯರು ಇದ್ದಾರೆ. ಫ್ಲೆಕ್ಸ್ ಮುದ್ರಣ ಬಂದ ನಂತರ ನಾಮಫಲಕದ ಕೆಲಸ ಬಹುಮಟ್ಟಿಗೆ ನಿಂತುಹೋಗಿದ್ದು, ಕೈಯಲ್ಲಿ ವಿದ್ಯೆ ಇದ್ದೂ ಗಿರಾಕಿ ಇಲ್ಲದ ಸ್ಥಿತಿ ಅನೇಕರದಾಗಿದೆ. ಅಂತಹವರಿಗೆ ದೂರದ ಗ್ರಾಹಕರನ್ನು ತಲುಪಲು ಅಂತರಜಾಲವು ಒಂದು ಮಾರ್ಗವಾಗಿದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯು ಕೋವಿಡ್ ಕಾರಣದಿಂದ 2021ರಲ್ಲಿ ರಸ್ತೆಯ ಬದಲು ಅಂತರಜಾಲದಲ್ಲಿಯೇ ನಡೆಯಿತು. ಮಳಿಗೆ ಹಾಕಲು ಬೆಂಗಳೂರಿಗೆ ಹೋಗಲಾಗದ ಕಲಾವಿದರು ಗಮನಿಸಬೇಕಾದ ಉದಾಹರಣೆ ಇದಾಗಿದೆ.

ಗುರುತಿನ ಚೀಟಿ ಮತ್ತು ನೋಂದಣಿ

ಕರಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ‘ಪಹಚಾನ್’ ಗುರುತಿನ ಚೀಟಿಯನ್ನು ನೀಡುತ್ತದೆ. ಇಲಾಖಾ ಮೇಳಗಳಲ್ಲಿ ಭಾಗವಹಿಸಲು ಹಾಗೂ ಸರ್ಕಾರಿ ಮಾರಾಟ ಜಾಲತಾಣಗಳಲ್ಲಿ ಹೆಸರು ಸೇರಿಸಲು ಇದು ನೆರವಾಗುತ್ತದೆ. ಮಂತ್ರಾಲಯವು ಕೈಮಗ್ಗ ಮತ್ತು ಕರಕುಶಲ ವಸ್ತುಗಳಿಗಾಗಿ ‘ಇಂಡಿಯಾ ಹ್ಯಾಂಡ್‌ಮೇಡ್’ ಎಂಬ ಜಾಲತಾಣವನ್ನು ರೂಪಿಸಿದೆ. ಸಣ್ಣ ಉದ್ದಿಮೆಯಾಗಿ ಗುರುತಿಸಿಕೊಳ್ಳಲು 1ನೇ ಜುಲೈ 2020ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿ ಸಂಪೂರ್ಣ ಉಚಿತವಾಗಿದ್ದು, ಇದಕ್ಕೆ ಶುಲ್ಕ ಕೇಳುವ ಜಾಲತಾಣಗಳು ಸರ್ಕಾರದವಲ್ಲ.

17ನೇ ಸೆಪ್ಟೆಂಬರ್ 2023ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕುಂಬಾರರು, ಬಡಗಿಗಳು, ಶಿಲ್ಪಿಗಳು, ಸಾಂಪ್ರದಾಯಿಕ ಗೊಂಬೆ ತಯಾರಕರು, ಬುಟ್ಟಿ-ಚಾಪೆ ಹೆಣೆಯುವವರು ಇದರಲ್ಲಿ ಸೇರಿದ್ದಾರೆ. ಚಿತ್ರಕಾರರು ಮಾತ್ರ ಈ ಪಟ್ಟಿಯಲ್ಲಿಲ್ಲ. ಭಾವಚಿತ್ರ ಬಿಡಿಸುವವರು ಈ ಯೋಜನೆಗೆ ಅರ್ಜಿ ಹಾಕಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ಕೊಡಬಾರದು. ಅರ್ಹ ಕಸುಬುದಾರರು ನೋಂದಣಿಯ ಸದ್ಯದ ಸ್ಥಿತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಥವಾ ರಾಯಚೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ವಸ್ತುವಿನ ಹೆಸರು

1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿದ್ದ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬಗಳು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮೇಲೆ ‘ಕಿಟ್ಟ’ ಬಳಿದು ಬಣ್ಣ ಹಾಕುವ ಗೊಂಬೆಗಳನ್ನು ತಯಾರಿಸುತ್ತವೆ. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ; ಬೀದರಿನ ಬಿದ್ರಿ ಹಾಗೂ ಸಂಡೂರಿನ ಲಂಬಾಣಿ ಕಸೂತಿಗೂ ಇದೆ. ಮಾನ್ವಿಯಲ್ಲಿ ಅದೇ ಬಗೆಯ ಗೊಂಬೆ ಮಾಡಿ ‘ಕಿನ್ನಾಳ ಗೊಂಬೆ’ ಎಂದು ಮಾರುವುದು 1999ರ ಭೌಗೋಳಿಕ ಸೂಚಕಗಳ ಅಧಿನಿಯಮಕ್ಕೆ ವಿರುದ್ಧವಾಗಿರುತ್ತದೆ. ದೇವದುರ್ಗದ ತಾಂಡಾದ ಕಸೂತಿಯನ್ನು ಆ ತಾಂಡಾದ ಹೆಸರಿನಲ್ಲಿಯೇ ಮಾರುವುದು ಕಾನೂನಿಗೂ ಸರಿ, ವ್ಯಾಪಾರಕ್ಕೂ ಲೇಸು. ದೂರದ ಗ್ರಾಹಕನು ಹುಡುಕುವುದು ವಸ್ತು ಯಾವ ಊರಿನದು ಎಂಬುದನ್ನೇ.

ಕೃತಿಸ್ವಾಮ್ಯ

ಕಲಾವಿದರು ಹೆಚ್ಚು ನಷ್ಟ ಅನುಭವಿಸುವುದು ಈ ವಿಷಯದಲ್ಲಿ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯವು ಕೊಂಡವರಿಗೆ ಹೋಗುವುದಿಲ್ಲ. ಕೊಂಡವರು ಅದನ್ನು ಮನೆಯಲ್ಲಿ ತೂಗುಹಾಕಬಹುದು, ಮತ್ತೊಬ್ಬರಿಗೆ ಮಾರಬಹುದು; ಕ್ಯಾಲೆಂಡರಿನಲ್ಲಿ ಅಥವಾ ಬಟ್ಟೆಯ ಮೇಲೆ ಅಚ್ಚು ಹಾಕಿಸಲು ಕಲಾವಿದನ ಅನುಮತಿ ಬೇಕು. ಹಕ್ಕನ್ನು ವರ್ಗಾಯಿಸುವುದಿದ್ದಲ್ಲಿ ಅದು ಬರಹದಲ್ಲಿದ್ದು, ಸಹಿಯಾಗಿರತಕ್ಕದ್ದು. ಈ ಹಕ್ಕು ಕಲಾವಿದನ ಜೀವಿತಾವಧಿ ಹಾಗೂ ನಂತರದ 60 ವರ್ಷಗಳವರೆಗೆ ಇರುತ್ತದೆ.

ಆದರೆ ಹಣ ಪಡೆದು, ಒಬ್ಬರ ಬೇಡಿಕೆಯ ಮೇರೆಗೆ ಬಿಡಿಸಿದ ಭಾವಚಿತ್ರಕ್ಕೆ ನಿಯಮ ಬೇರೆಯಾಗಿದೆ. ವ್ಯತಿರಿಕ್ತ ಒಪ್ಪಂದ ಇಲ್ಲದಿದ್ದಲ್ಲಿ ಅದರ ಮೊದಲ ಕೃತಿಸ್ವಾಮ್ಯ ಬರೆಸಿಕೊಂಡವರದೇ ಆಗಿರುತ್ತದೆ. ಆದ್ದರಿಂದ ಭಾವಚಿತ್ರವನ್ನು ಮಾದರಿಯಾಗಿ ಜಾಲತಾಣದಲ್ಲಿ ಹಾಕಿಕೊಳ್ಳಲು ಬಯಸುವ ಕಲಾವಿದರು, ಮುಂಗಡ ಪಡೆಯುವಾಗಲೇ ಆ ಬಗ್ಗೆ ಎರಡು ಸಾಲು ಬರೆಸಿ ಸಹಿ ಪಡೆದಿಟ್ಟುಕೊಳ್ಳುವುದು ಒಳಿತು. ಬಾಯಿಮಾತು ಗಿರಾಕಿ ಮನೆಯ ಹಿರಿಯರು ಇರುವವರೆಗೆ ನಡೆಯುತ್ತದೆ, ಅವರ ಮಕ್ಕಳ ಕಾಲಕ್ಕೆ ತಕರಾರು ಬರುತ್ತದೆ.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದಲ್ಲಿ ಕಲಾಕೃತಿಯೊಂದಕ್ಕೆ ಶುಲ್ಕ 500 ರೂಪಾಯಿಗಳು. ಸರಕಿನ ಮೇಲೆ ಬಳಸುವಂತಹ ಕೃತಿಗೆ 2,000 ರೂಪಾಯಿಗಳು. ಮೂಲ ಚಿತ್ರವು ಮುಂದೆ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದಲ್ಲಿ, ಮೊದಲ ಹಕ್ಕುದಾರನಾಗಿದ್ದ ಕಲಾವಿದನಿಗೆ ಅಥವಾ ಆತನ ವಾರಸುದಾರರಿಗೆ ಒಂದು ಪಾಲು ಕೇಳಲು ಅವಕಾಶವಿದ್ದು, ಅದು ಶೇ. 10ನ್ನು ಮೀರುವುದಿಲ್ಲ. ಹಾಗೆಯೇ ಇತರರ ಚಿತ್ರವನ್ನು ಅಂತರಜಾಲದಿಂದ ತೆಗೆದು ಪಡಿಯಚ್ಚು ಮಾಡಿ ಮಾರುವುದು ಅಪರಾಧವಾಗಿರುತ್ತದೆ. ಮನೆಯಲ್ಲಿರುವ 100 ವರ್ಷಕ್ಕಿಂತ ಹಳೆಯ ಮರದ ಅಥವಾ ಲೋಹದ ಮೂರ್ತಿಗಳನ್ನು ವಿದೇಶಕ್ಕೆ ಮಾರುವುದು 1972ರ ಪ್ರಾಚ್ಯ ವಸ್ತುಗಳು ಹಾಗೂ ಕಲಾನಿಧಿಗಳ ಅಧಿನಿಯಮದಂತೆ ನಿಷಿದ್ಧ.

ಬೆಲೆ ನಿಗದಿ

ಒಂದು ಚಿತ್ರಕ್ಕೆ ಹಲಗೆ ಮತ್ತು ಬಣ್ಣ 450 ರೂ., ದಿನಕ್ಕೆ 500 ರೂ.ನಂತೆ ಮೂರು ದಿನದ ಕೂಲಿ 1,500 ರೂ., ಕಟ್ಟುವ ಸಾಮಗ್ರಿ 120 ರೂ., ಅಂಚೆ 180 ರೂ. ಎಂದು ಭಾವಿಸಿದಲ್ಲಿ ಒಟ್ಟು 2,250 ರೂ. ಆಗುತ್ತದೆ. ಮಾರಾಟ ಜಾಲತಾಣವು ಶೇ. 15 ಕಮಿಷನ್ ಹಿಡಿಯುವುದಾದರೆ, ಬಹುಪಾಲು ಜನರು 2,250ಕ್ಕೆ ಶೇ. 15 ಸೇರಿಸಿ ಸುಮಾರು 2,588 ರೂ. ಎಂದು ಬೆಲೆ ಹಾಕುತ್ತಾರೆ. ಕಮಿಷನ್ ಹಿಡಿಯುವುದು ಮಾರಾಟ ಬೆಲೆಯ ಮೇಲೆ ಆದ್ದರಿಂದ ಕೈಗೆ ಬರುವುದು ಸುಮಾರು 2,199 ರೂ. ಮಾತ್ರ. ಸರಿಯಾದ ಲೆಕ್ಕವೆಂದರೆ 2,250ನ್ನು 0.85ರಿಂದ ಭಾಗಿಸುವುದು, ಆಗ ಬೆಲೆ ಸುಮಾರು 2,650 ರೂ. ಆಗುತ್ತದೆ. ಕಲಾವಿದರು ತಮ್ಮ ಕೂಲಿಯನ್ನೇ ಲೆಕ್ಕಕ್ಕೆ ಹಿಡಿಯದೆ ಬಿಡುವ ರೂಢಿಯಿದ್ದು, ಇದನ್ನು ಕೈಬಿಡತಕ್ಕದ್ದು.

ಛಾಯಾಚಿತ್ರ ಮತ್ತು ರವಾನೆ

ಚಿತ್ರವನ್ನು ನೇರ ಬಿಸಿಲಿನಲ್ಲಿಡದೆ, ಪಡಸಾಲೆಯ ನೆರಳಿನ ಬೆಳಕಿನಲ್ಲಿಟ್ಟು ಛಾಯಾಚಿತ್ರ ತೆಗೆಯುವುದು. ಬಣ್ಣವನ್ನು ಮೊಬೈಲಿನಲ್ಲಿ ಹೆಚ್ಚಿಸಬಾರದು. 2020ರ ಇ-ವಾಣಿಜ್ಯ ನಿಯಮಗಳಂತೆ, ವಿವರಣೆಗೆ ಹೊಂದದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಅಳತೆಯನ್ನು ಸೆಂಟಿಮೀಟರಿನಲ್ಲಿ ನಮೂದಿಸುವುದು. ರಾಯಚೂರಿನ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಳೆಯು ತೈಲವರ್ಣಕ್ಕೆ ಅಂಟಿಕೊಳ್ಳುತ್ತದೆಯಾದ್ದರಿಂದ ನಡುವೆ ಬೆಣ್ಣೆ ಕಾಗದ ಇಡುವುದು, ಪೂರ್ತಿ ಒಣಗದ ಚಿತ್ರವನ್ನು ಸುರುಳಿ ಸುತ್ತದಿರುವುದು. ಮಣ್ಣಿನ ಎತ್ತಿನ ಕೊಂಬನ್ನು ಬೇರೆಯಾಗಿ ಹತ್ತಿಯಲ್ಲಿ ಸುತ್ತದಿದ್ದರೆ ಅದು ಮುರಿಯದೆ ಬೆಂಗಳೂರು ತಲುಪುವುದು ದುರ್ಲಭ.

ಹೊಸ ಕೃತಿಗಳ ರಚನೆ

ಒಂದು ಚಿತ್ರ ಹೆಚ್ಚು ಮಾರಾಟವಾದಲ್ಲಿ ಗ್ರಾಹಕರು ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ವರ್ಷವಿಡೀ ಒಂದೇ ಬುದ್ಧನ ಮುಖ ಬಿಡಿಸುವವರ ಕೈ ಬೇಗನೆ ಜಡವಾಗುತ್ತದೆ, ಅದೇ ಮುಖ ಬೇರೆಡೆ ಅಚ್ಚಿನಲ್ಲಿ ನೂರು ರೂಪಾಯಿಗೆ ಸಿಗಲಾರಂಭಿಸಿದಾಗ ಮಾರಾಟವೂ ನಿಲ್ಲುತ್ತದೆ. ವಾರದಲ್ಲಿ ಒಂದು ದಿನವನ್ನಾದರೂ ಬೇಡಿಕೆ ಇಲ್ಲದ ಕೆಲಸಕ್ಕೆ ಮೀಸಲಿಡುವುದು ಸೂಕ್ತ.

ಅದಕ್ಕೆ ವಸ್ತು ಹುಡುಕಿ ದೂರ ಹೋಗಬೇಕಾಗಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಭಾರಿ ಕಲ್ಲೊಂದಿದ್ದು, ಅಂತಹ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನು ಅಲ್ಲಿಯೇ ಗೆರೆಗಳಲ್ಲಿ ಕೊರೆಯಲಾಗಿದೆ. ಏಳು ಶತಮಾನಗಳ ಹಿಂದಿನ ಆ ರೇಖಾಚಿತ್ರವು ಕೆಲಸಗಾರರ ಶ್ರಮವನ್ನು ತೋರಿಸುವ ಅಪರೂಪದ ಕೃತಿ. ಲಿಂಗಸುಗೂರು ಭಾಗದ ಪಿಕ್ಲಿಹಾಳದ ಬಂಡೆಗಳ ಮೇಲೆ ಎತ್ತುಗಳ ಪ್ರಾಚೀನ ಚಿತ್ರಗಳಿವೆ. ಅದೇ ಎತ್ತನ್ನು ಕುಂಬಾರರು ಇಂದಿಗೂ ಮಣ್ಣಿನಲ್ಲಿ ಮಾಡುತ್ತಾರೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ದೇವಾಲಯಗಳು, ಹಳೆಯ ಸೀರೆಗಳ ತುಂಡುಗಳಿಂದಾದ ಕೌದಿಯ ಬಣ್ಣಜೋಡಣೆ, ಮೊಹರಂ ಪೀರಲ ದೇವರ ಅಲಂಕಾರ ಇವೆಲ್ಲವೂ ಕಣ್ಣೆದುರಿಗೇ ಇವೆ. ಸ್ಮಾರಕಗಳಲ್ಲಿ ಕಲ್ಲಿನ ಮೇಲೆ ಕಾಗದವಿಟ್ಟು ಬಣ್ಣ ಉಜ್ಜುವುದಾಗಲಿ, ಸೀಮೆಸುಣ್ಣದಿಂದ ಗೆರೆ ತುಂಬುವುದಾಗಲಿ ಮಾಡಬಾರದು, ನೋಡಿ ಬರೆದುಕೊಳ್ಳುವುದು.

ತೆರಿಗೆ ಮತ್ತು ಹಣ ಪಾವತಿ

ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಾಗುವುದಿಲ್ಲ. ಇ-ವಾಣಿಜ್ಯ ಜಾಲತಾಣಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 1ನೇ ಅಕ್ಟೋಬರ್ 2023ರಿಂದ ನೋಂದಣಿಯ ಬದಲು ಪ್ಯಾನ್ ಆಧಾರಿತ ದಾಖಲಾತಿ ಸಂಖ್ಯೆ ಸಾಕು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಸಮೀಪವಾದರೂ, ಅದೇ ಜಾಲತಾಣಗಳ ಮೂಲಕ ಅಲ್ಲಿಗೆ ಮಾರುವುದು ಅಂತರರಾಜ್ಯ ವ್ಯಾಪಾರವಾಗಿದ್ದು ಈ ವಿನಾಯಿತಿ ಅನ್ವಯಿಸುವುದಿಲ್ಲ. ಮಾರಾಟ ಆರಂಭಿಸುವ ಮೊದಲೇ ವಾಣಿಜ್ಯ ತೆರಿಗೆಗಳ ಕಚೇರಿಯಲ್ಲಿ ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ. ಚಿತ್ರದ ಬೆಲೆಯನ್ನು ಚೌಕಾಸಿ ಮಾಡದೆ ಒಪ್ಪಿ, ‘ಮುಂಗಡ ಬರಲು ಈ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವವರು ವಂಚಕರು. ಹೆಚ್ಚು ಹಣ ತಪ್ಪಾಗಿ ಬಂದಿದೆ, ಹಿಂದಿರುಗಿಸಿ ಎನ್ನುವವರಿಗೆ ಬ್ಯಾಂಕ್ ಖಾತೆಯನ್ನು ನೋಡಿದ ನಂತರವೇ ಉತ್ತರಿಸುವುದು. ಬಂದಿರುವುದು ಬರಿಯ ನಕಲಿ ಸಂದೇಶವಾಗಿರಬಹುದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು. ಗ್ರಾಹಕರೊಡನೆ ನಡೆದ ಸಂದೇಶಗಳನ್ನು ಹಾಗೂ ಪಾವತಿಯ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಂಡು, ದೂರಿನೊಂದಿಗೆ ಲಗತ್ತಿಸುವುದು.