ಮೊಚಿಯೂ ಚಂದ್ರನ ಮೊಲವೂ

ಜಪಾನೀಯರು ಅಂಟುಳ್ಳ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಮುದ್ದೆಮಾಡುವ ಭಕ್ಷ್ಯಕ್ಕೆ 'ಮೊಚಿ' ಎಂದು ಹೆಸರು. ಈ ಶಬ್ದವನ್ನು ಕೇಳಿದೊಡನೆ ಕನ್ನಡಿಗರಿಗೆ ಪಾದರಕ್ಷೆ ಹೊಲಿಯುವ ಮೋಚಿಯೂ, ಅಮರಕೋಶವನ್ನು ಪಠಿಸಿದವರಿಗೆ ಬಾಳೆಯ ಪರ್ಯಾಯವಾದ 'ಮೋಚಾ' ಪದವೂ ನೆನಪಿಗೆ ಬರುವುದು ಸಹಜ. ಆದರೆ ಇವುಗಳಲ್ಲಿ ಧ್ವನಿಸಾಮ್ಯವುಂಟೇ ಹೊರತು ಸಂಬಂಧವಿಲ್ಲ.

ಜಪಾನೀಯರು ಈ ಪದವನ್ನು ಬರೆಯುವ ಅಕ್ಷರವು ಚೀನದಿಂದ ಬಂದುದು. ಅಲ್ಲಿ ಅದರ ಉಚ್ಚಾರಣೆ 'ಬಿಂಗ್'. ಅರ್ಥವು ಹೆಚ್ಚಾಗಿ ಗೋಧಿಹಿಟ್ಟಿನ ರೊಟ್ಟಿ. ಅಕ್ಷರವು ಕಡಲನ್ನು ದಾಟಿದಾಗ ಗೋಧಿಯು ಅಕ್ಕಿಯಾಯಿತು.

ಹಾಗಾದರೆ ಭರತಖಂಡಕ್ಕೂ ಮೊಚಿಗೂ ನಂಟೇ ಇಲ್ಲವೆ? ಉಂಟು, ಅದು ಶಬ್ದದಲ್ಲಿಲ್ಲ, ಕಥೆಯಲ್ಲಿದೆ. ಅತಿಥಿಗಾಗಿ ಬೆಂಕಿಗೆ ಹಾರಿದ ಮೊಲದ ರೂಪವನ್ನು ಶಕ್ರನು ಚಂದ್ರನಲ್ಲಿ ಬರೆದನೆಂಬ ಶಶಜಾತಕದ ಕಥೆಯು ಬೌದ್ಧಧರ್ಮದೊಡನೆ ಪೂರ್ವಕ್ಕೆ ಸಾಗಿತು. 12ನೆಯ ಶತಮಾನದ ಜಪಾನೀ ಕಥಾಸಂಗ್ರಹವಾದ 'ಕೊಂಜಾಕು ಮೊನೊಗತರಿ'ಯಲ್ಲಿಯೂ ಸೇರಿತು. ಚೀನೀಯರ ಚಂದ್ರನಲ್ಲಿ ಮೊಲವು ಔಷಧಿಯನ್ನು ಕುಟ್ಟುತ್ತದೆ. ಜಪಾನೀಯರ ಚಂದ್ರನಲ್ಲಿ ಮೊಚಿಯನ್ನು. ಅವರ ಭಾಷೆಯಲ್ಲಿ ಪೂರ್ಣಚಂದ್ರನು 'ಮೊಚಿಜುಕಿ', ಮೊಚಿ ಕುಟ್ಟುವಿಕೆಯು 'ಮೊಚಿತ್ಸುಕಿ'. ಈ ಶ್ಲೇಷೆಯೇ ಆ ಕಲ್ಪನೆಗೆ ಎಡೆಮಾಡಿತೆಂದು ಹೇಳುವುದುಂಟು.

ಚಂದ್ರನನ್ನು ಶಶಾಂಕನೆಂದು ಕರೆಯುವವರೂ ಕಾಣುವುದು ಮೊಲವನ್ನೇ. ಕಿವಿಗೆ ಒಂದೇ ಎನಿಸಿದ ಪದಗಳು ಪರಕೀಯವಾದವು. ಕಿವಿಗೆ ದೂರವಾದ ಶಶಾಂಕನೂ ಮೊಚಿಯೂ ಬಂಧುಗಳಾದವು.