ಬಾಯ್ನಾ ಗುಡ್ಡ: ಕೋಟೆ, ಕಡಲು ಮತ್ತು ಕನ್ನಡದ ದುಡಿಮೆಗಾರರು

ಗೋವಾದ ವಾಸ್ಕೋ ಡ ಗಾಮಾ ನಗರದ ಕಡಲತೀರದ ಬಡಾವಣೆ ಬಾಯ್ನಾ. ಇದರ ಪಕ್ಕದಲ್ಲೇ ಮರ್ಮಗೋವಾ ಭೂಶಿರದ ಗುಡ್ಡ ಏರುತ್ತದೆ. ಗುಡ್ಡದ ಮೇಲಿನ ಊರು ಸಡಾ. ಉತ್ತರಕ್ಕೆ ಬಂದರು ಮತ್ತು ಜುವಾರಿ ಅಳಿವೆ, ಇನ್ನೊಂದು ಕಡೆ ಅರಬಿ ಸಮುದ್ರ.

ಇತಿಹಾಸ: 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ಕಿತ್ತುಕೊಂಡರು. ಉಳ್ಳಾಲದ ರಾಣಿ ಅಬ್ಬಕ್ಕನ ವಿರುದ್ಧ ಬಂದ ಹಡಗುಪಡೆಗಳಿಗೂ ಗೋವಾವೇ ನೆಲೆ. ಮರ್ಮಗೋವಾ ಕೋಟೆಯ ಕೆಲಸ ಶುರುವಾದದ್ದು 1624ರಲ್ಲಿ. ಮುಂದೆ ರಾಜಧಾನಿಯನ್ನೇ ಈ ಗುಡ್ಡಕ್ಕೆ ತರುವ ಯತ್ನ ನಡೆದರೂ ಅದು ಪೂರ್ತಿಯಾಗಲಿಲ್ಲ.

ಇದೇ ಪೋರ್ಚುಗೀಸರನ್ನು ಎದುರಿಸಲು 1471ರಲ್ಲಿ ಮೊರಾಕ್ಕೋದ ರಿಫ್ ಬೆಟ್ಟಗಳಲ್ಲಿ ಶೆಫ್‌ಶಾವೆನ್ ಎಂಬ ಪಟ್ಟಣ ಹುಟ್ಟಿತ್ತು. ಸ್ಪೇನ್‌ನಿಂದ ನೆಲೆ ಕಳಕೊಂಡು ಬಂದ ಮುಸ್ಲಿಮರು, ಯಹೂದಿಗಳು ಅದನ್ನು ಬೆಳೆಸಿದರು. ಇವತ್ತು ಅದರ ನೀಲಿ ಗೋಡೆಗಳನ್ನು ನೋಡಲು ಜಗತ್ತೇ ಹೋಗುತ್ತದೆ.

ಕನ್ನಡಿಗರು: ಬಾಯ್ನಾವನ್ನು ಬೆಳೆಸಿದವರಲ್ಲೂ ಹೊರಗಿಂದ ಬಂದವರೇ ಹೆಚ್ಚು. 1880ರ ದಶಕದಲ್ಲಿ ಬಂದರಿನಿಂದ ಕ್ಯಾಸಲ್‌ರಾಕ್ ಕಡೆಗೆ ರೈಲು ಹಳಿ ಬಿತ್ತು. 1961ರಲ್ಲಿ ಗೋವಾ ವಿಮೋಚನೆಯಾದ ಬಳಿಕ ಉತ್ತರ ಕರ್ನಾಟಕದ ಬರದ ಹಳ್ಳಿಗಳಿಂದ ಸಾವಿರಾರು ಜನ ಬಂದರು, ಅದಿರು, ಕಟ್ಟಡ ಕೆಲಸಕ್ಕೆ ಬಂದರು. ಬಾಯ್ನಾಗೆ ಕೆಂಪುದೀಪ ಪ್ರದೇಶವೆಂಬ ಕೆಟ್ಟ ಹೆಸರೂ ಅಂಟಿತು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲೇ, ಸರಕಾರ ತೀರದ ಗುಡಿಸಲುಗಳನ್ನು ಕೆಡವಿತು. ಆ ದಂಧೆಗೆ ಸಂಬಂಧವೇ ಇಲ್ಲದ ಕೂಲಿ ಕುಟುಂಬಗಳೂ ಬೀದಿಗೆ ಬಿದ್ದವು. ಈಗಿನ ತೆರೆದ ಬೀಚ್ ನೋಡುವವರಿಗೆ ಇದು ಗೊತ್ತಿರಬೇಕು.

ನೋಡುವುದೇನು: ಕೋಟೆಯ ಅಳಿದುಳಿದ ಗೋಡೆಗಳು, ಸಡಾದ ಜಪಾನೀಸ್ ಗಾರ್ಡನ್, ಅಲ್ಲಿಂದ ಕಾಣುವ ಕಡಲು, ಕೆಳಗೆ ಬಾಯ್ನಾ ಬೀಚ್.

ಹೋಗುವುದು ಹೇಗೆ: ಮಂಗಳೂರಿನಿಂದ ಕೊಂಕಣ ರೈಲಿನಲ್ಲಿ ಮಡಗಾಂವ್, ಅಲ್ಲಿಂದ ರೈಲು ಅಥವಾ ಬಸ್ಸಿನಲ್ಲಿ ವಾಸ್ಕೋ. ಸ್ಟೇಷನ್‌ನಿಂದ ಬಾಯ್ನಾಗೆ ರಿಕ್ಷಾ ಸಾಕು. ನಮಾಝ್‌ಗೆ ವಾಸ್ಕೋದಲ್ಲಿ ಮಸೀದಿಗಳಿವೆ. ಜೂನ್‌ನಿಂದ ಸೆಪ್ಟಂಬರ್‌ವರೆಗೆ ನೀರಿಗಿಳಿಯಬೇಡಿ. ಬಂದರಿನ ಒಳಗೆ ಅನುಮತಿ ಇಲ್ಲದೆ ಪ್ರವೇಶವಿಲ್ಲ.

ಭಾಷೆಯ ಚಿಂತೆ ಬೇಡ. ಬಾಯ್ನಾದ ಗಲ್ಲಿಗಳಲ್ಲಿ ದಾರಿಯನ್ನು ಕನ್ನಡದಲ್ಲೇ ಕೇಳಿ ನೋಡಿ, ಹೇಳುವವರು ಸಿಗುತ್ತಾರೆ. ಈ ಊರಿನ ಚರಿತ್ರೆ ಕೋಟೆಯ ಗೋಡೆಗಿಂತ ಅವರ ಬಾಯಲ್ಲೇ ಹೆಚ್ಚು ಉಳಿದಿದೆ.