ಪುರದ ಸಗಣಿ, ಪುರದ ದೀಪ

ಗೋಬರ್ ಗ್ಯಾಸ್ ಎಂದರೆ ನಮ್ಮಲ್ಲಿ ಹಲವರಿಗೆ ತವರಿನ ಹಿತ್ತಿಲ ಗುಂಡಿಯೇ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಒಂದು ಇಡೀ ಊರಿನ ಸ್ಥಾವರದ ಕಥೆ. ಊರು ಕುಣಿಗಲ್ ತಾಲ್ಲೂಕಿನ ಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ವಿಭಾಗ ಅದನ್ನು ಕಟ್ಟಿತು. ಮೊದಲ ಉದ್ದೇಶ ಅಡುಗೆ. ಆದರೆ ಊರಿನ ದನಗಳ ಸಗಣಿ ಎಲ್ಲರ ಒಲೆಗೆ ಸಾಲಲಿಲ್ಲ. ಹಾಗಾಗಿ 1987ರಿಂದ ಅದೇ ಅನಿಲಕ್ಕೆ ತುಸು ಡೀಸೆಲ್ ಜೊತೆಗೂಡಿಸಿ ಎಂಜಿನ್ ಓಡಿಸಿದರು. ಮನೆಗಳಿಗೆ ದೀಪ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು.

ನನಗೆ ಹಿಡಿಸಿದ್ದು ಅವರ ಲೆಕ್ಕ. ಸಗಣಿ ತಂದವರಿಗೆ ತೂಕ ಹಾಕಿ ಕಿಲೋಗೆ 2 ಪೈಸೆ. ಅನಿಲ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸ್. ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. 2 ಪೈಸೆ ಏನು ಮಹಾ ಎನ್ನಬೇಡಿ. ಸಗಣಿ ಬಾಚಿದ್ದಕ್ಕೆ ನಮ್ಮ ಅಜ್ಜಿಯಂದಿರಿಗೆ ಯಾರು ಕೂಲಿ ಕೊಟ್ಟಿದ್ದರು?

ಅಡುಗೆಮನೆಯ ಸರದಿ ಮಾತ್ರ ಬರಲಿಲ್ಲ, ನೋಡಿ. ಒಲೆಗೆ ಸೌದೆಯೇ ಗತಿಯಾಯಿತು. ಅದಕ್ಕೆಂದು ‘ಅಸ್ತ್ರ’ದವರು ಬೇರೆಯೇ ಒಂದು ಒಲೆ ರೂಪಿಸಿದ್ದರು: ಹೊಗೆಗೊಂದು ಕೊಳವೆ, ಒಂದೇ ಉರಿಗೆ ಮೂರು ಪಾತ್ರೆ.